ಮಾಂಗಲ್ಯದ ಸರಕ್ಕೊಂದು ಕೊಂಡಿ

ನನ್ನ ಮಗಳ ಮಾಂಗಲ್ಯದ ಸರಕ್ಕೆ ಕೊಂಡಿ ಇರಬೇಕೋ ಬೇಡವೋ ಎಂಬ ಮಾತಿಗೆ ಮೂರು ವಾರ ನಮ್ಮ ಮನೆಯಲ್ಲಿ ಯಾರಿಗೂ ಊಟ ಸರಿಯಾಗಿ ಸೇರಲಿಲ್ಲ. ಕೊಂಡಿ ಎಂದರೆ ಎಷ್ಟು ದೊಡ್ಡದು? ಅಕ್ಕಿಕಾಳಿಗಿಂತ ಒಂದಿಷ್ಟು ಉದ್ದ. ಕತ್ತಿನ ಹಿಂದೆ, ಜಡೆಯ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಇರುವಂಥದ್ದು. ಕೋಪ ಇಳಿದ ಮೇಲೆ ಸಮಾಧಾನವಾಗಿ ಬರೆಯೋಣವೆಂದು ಕಾದೆ. ಇಳಿಯುವ ಹಾಗೆ ಕಾಣಲಿಲ್ಲ. ಅದಕ್ಕೇ ಹೀಗೇ ಬರೆಯುತ್ತಿದ್ದೇನೆ.

ಮಗಳ ಕೆಲಸದ ವಿಷಯ ಮೊದಲು ಹೇಳಬೇಕು. ಕಡಕೊಳದಲ್ಲಿ ಮಾತ್ರೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವಳು ಪರೀಕ್ಷಾ ವಿಭಾಗದಲ್ಲಿದ್ದಾಳೆ. ತಯಾರಾದ ಮಾತ್ರೆಗಳು ಸರಿಯಾಗಿವೆಯೇ ಎಂದು ನೋಡಿ ಸಹಿ ಮಾಡುವ ಕೆಲಸ. ಬೆಳಿಗ್ಗೆ ಆರೂವರೆಗೆ ಕುವೆಂಪುನಗರದ ನಮ್ಮ ಬೀದಿಯ ತುದಿಗೆ ಕಂಪನಿಯ ಬಸ್ಸು ಬರುತ್ತದೆ. ಅಷ್ಟರಲ್ಲಿ ನಾನು ಅವಳ ಡಬ್ಬಿಗೆ ಚಪಾತಿಯೋ ಚಿತ್ರಾನ್ನವೋ ತುಂಬಿ, ಮೊಸರಿನ ಸಣ್ಣ ಕರಡಿಗೆಗೆ ಮುಚ್ಚಳ ಭದ್ರ ಮಾಡಿ, ಚೀಲಕ್ಕೆ ಇಟ್ಟಿರಬೇಕು. ಐದು ವರ್ಷದಿಂದ ಇದೇ ನಡೆದುಬಂದಿದೆ.

ಕಾರ್ಖಾನೆಯ ಒಳಗೆ ಹೋಗುವ ಮುಂಚೆ ಒಂದು ಕೋಣೆ ಇದೆಯಂತೆ. ಅಲ್ಲಿ ಬಿಳಿ ಕೋಟು, ತಲೆಗೆ ಟೋಪಿ, ಕಾಲಿಗೆ ಬೇರೆ ಚಪ್ಪಲಿ. ಅದಕ್ಕೂ ಮೊದಲು ಮೈಮೇಲಿನದೆಲ್ಲ ತೆಗೆಯಬೇಕು. ಬಳೆ, ಓಲೆ, ಉಂಗುರ, ಗಡಿಯಾರ, ಕೊನೆಗೆ ಬೆಟ್ಟದಿಂದ ತಂದು ಕೈಗೆ ಕಟ್ಟಿದ ದಾರವೂ ಇರಕೂಡದು. "ಒಂದು ಮಣಿ ಉದುರಿ ಮಾತ್ರೆ ಜೊತೆ ಸೇರ್ಕೊಂಡ್ರೆ ಯಾರದೋ ಮಗುವಿನ ಗಂಟಲಿಗೆ ಹೋಗುತ್ತಮ್ಮ" ಎಂದು ಅವಳು ಸೇರಿದ ಹೊಸದರಲ್ಲೇ ಹೇಳಿದ್ದಳು. ಬೇರೆ ಕೆಲವು ಕಡೆ ಮದುವೆಯಾದವರ ತಾಳಿಯ ಮೇಲೆ ಅಂಟುಪಟ್ಟಿ ಹಾಕಿ, ಬಟ್ಟೆಯ ಒಳಗೆ ಮರೆಮಾಡಿ ಒಳಕ್ಕೆ ಬಿಡುತ್ತಾರಂತೆ. ಇವಳ ಕಾರ್ಖಾನೆಯಲ್ಲಿ ಅದಕ್ಕೂ ಬಿಡುವುದಿಲ್ಲ. ಮದುವೆಯಾದ ಹೆಂಗಸರೆಲ್ಲ ಬೆಳಿಗ್ಗೆ ತೆಗೆದು ತಮ್ಮ ತಮ್ಮ ಪುಟ್ಟ ಕಪಾಟಿನಲ್ಲಿಟ್ಟು ಬೀಗ ಹಾಕಿ, ಸಂಜೆ ಹಾಕಿಕೊಂಡು ಬರುತ್ತಾರೆ. ಅವರ ಗಂಡಂದಿರೆಲ್ಲ ಕ್ಷೇಮವಾಗಿದ್ದಾರೆ ಎಂದು ಕೇಳಿದ್ದೇನೆ.

ಅವಳಿಗೆ ಗೊತ್ತುಮಾಡಿದ ಹುಡುಗನ ಮನೆ ಒಂಟಿಕೊಪ್ಪಲಿನಲ್ಲಿ. ನಮ್ಮವರೇ, ಲಿಂಗವಂತರು, ನಾವು ನಡೆದುಕೊಳ್ಳುವ ಮಠಕ್ಕೇ ನಡೆದುಕೊಳ್ಳುವವರು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಮಾತು ಕಡಿಮೆ. ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ ನಮ್ಮ ಒಬ್ಬಟ್ಟು ತಿನ್ನುತ್ತಾ, "ಕೆಲ್ಸ ಬುಡೋದೇನೂ ಬೇಡ ಕಣಮ್ಮ, ಈಗಿನ ಕಾಲದಲ್ಲಿ ಯಾರು ಬುಡ್ತಾರೆ" ಎಂದು ನನ್ನ ಮಗಳ ಬೆನ್ನು ಸವರಿದ್ದರು. ಆ ಮಾತನ್ನು ನಾನು ಬೀದಿಯ ನಾಲ್ಕು ಮನೆಗೆ ಹೇಳಿಕೊಂಡು ಬಂದೆ. ಎಂಥ ಒಳ್ಳೆಯ ಬೀಗಿತಿ ಸಿಕ್ಕರು ಎಂದು ಹಿಗ್ಗಿದೆ.

ನಿಶ್ಚಿತಾರ್ಥದ ಉಂಗುರ ಆರಿಸಲು ಹೋದಾಗಲೂ ಎಲ್ಲ ಚೆನ್ನಾಗಿಯೇ ಇತ್ತು. ಹುಡುಗ ಹಾಕಿ ನೋಡಿದ ಉಂಗುರ ಬೆರಳಿನಲ್ಲಿ ಸಿಕ್ಕಿಕೊಂಡು, ಅಂಗಡಿಯವನು ಸೋಪಿನ ನೀರು ತಂದು ಬಿಡಿಸಿದ. "ಈಗ್ಲೇ ಬರ್ತಿಲ್ಲ, ಮದ್ವೆ ಆದ್ಮೇಲೆ ಗತಿ ಏನು ಸ್ವಾಮಿ" ಎಂದು ಅವನು ಅಂದಿದ್ದಕ್ಕೆ ಎಲ್ಲರೂ ನಕ್ಕೆವು. ಮಗಳು ತನ್ನ ಉಂಗುರವನ್ನು ಕೆಲಸದ ಹೊತ್ತಿನಲ್ಲಿ ತೆಗೆದಿಡಬೇಕಾಗುತ್ತದೆ ಎಂದಾಗ ಬೀಗಿತಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ಉಂಗುರಕ್ಕೆ ಮಾತ್ರ ಎಂದು ನಮಗೆ ಗೊತ್ತಿರಲಿಲ್ಲ.

ತಾಳಿ, ಅದರ ಸರ, ಎರಡೂ ನಮ್ಮಲ್ಲಿ ಗಂಡಿನ ಕಡೆಯವರದು. ಹುಡುಗಿಗೆ ಒಪ್ಪುವುದನ್ನೇ ತೆಗೆದುಕೊಳ್ಳೋಣ ಎಂದು ಬೀಗಿತಿ ನಮ್ಮಿಬ್ಬರನ್ನೂ ಅಶೋಕ ರಸ್ತೆಯ ಅಂಗಡಿಗೆ ಕರೆಸಿಕೊಂಡರು. ಬಾದಾಮಿ ಹಾಲು ಕುಡಿಸಿದರು. ನಾಲ್ಕೈದು ಸರ ನೋಡಿದ ಮೇಲೆ ಮಗಳು ಒಂದನ್ನು ಮೆಚ್ಚಿದಳು. ಎರಡೆಳೆಯದು, ನಡುನಡುವೆ ಕರಿಮಣಿ, ತುಂಬ ಲಕ್ಷಣವಾಗಿತ್ತು. ಬೀಗಿತಿ ಅದನ್ನು ಅಂಗೈ ಮೇಲೆ ಹಾಕಿಕೊಂಡರು, ಹಿಂದಿನ ಕೊಂಡಿಯನ್ನು ಉಗುರಿನಿಂದ ಎಳೆದು ನೋಡಿದರು, ಅಂಗಡಿಯವನ ಕಡೆ ತಿರುಗಿದರು.

"ಇದೇ ಇರ್ಲಿ. ಇಲ್ಲಿ ಮಾತ್ರ ಬೆಸುಗೆ ಹಾಕ್ಸ್ಬುಡಿ. ಬಿಚ್ಚೋ ಹಂಗಿರಬಾರ್ದು."

"ಬೇಡ ಅತ್ತೆ" ಎಂದಳು ನನ್ನ ಮಗಳು. "ನನಗೆ ದಿನಾ ತೆಗೀಬೇಕಾಗುತ್ತೆ, ಫ್ಯಾಕ್ಟ್ರಿಯಲ್ಲಿ."

"ಏನನ್ನ ತೆಗೀಬೇಕು?"

"ಇದನ್ನೇ."

"ತಾಳೀನಾ?"

ಅಲ್ಲಿಯವರೆಗೆ ಬಾಯಿ ಮುಚ್ಚದೆ ಮಾತಾಡುತ್ತಿದ್ದ ಅಂಗಡಿಯವನು ಗಾಜು ಒರೆಸತೊಡಗಿದ. ಪಕ್ಕದಲ್ಲಿ ಮೂಗುಬೊಟ್ಟು ನೋಡುತ್ತಿದ್ದ ಇಬ್ಬರು ಹೆಂಗಸರು ನಮ್ಮ ಕಡೆ ತಿರುಗಿ ಕೂತರು.

"ಉಂಗುರ ತೆಗೀತೀನಿ ಅಂದೆ, ನಾನೇನಾದ್ರೂ ಅಂದ್ನಾ?" ಬೀಗಿತಿಯ ದನಿ ಏರಲಿಲ್ಲ, ಅದೇ ಕಷ್ಟ. "ತಾಳಿ ದಿನಾ ಬೆಳಗಾದ್ರೆ ತೆಗೆದು ಡಬ್ಬೀಗೆ ಹಾಕೋದು ಅಂದ್ರೆ ಏನಮ್ಮ? ನನ್ನ ಮಗ ಬದುಕಿ ಬಾಳಬೇಕಲ್ವಾ?"

ಆ ಮಗ ಪಕ್ಕದ ಕುರ್ಚಿಯಲ್ಲೇ ಇದ್ದ. ಅವನ ಬದುಕು ಸಾವಿನ ಮಾತು ನಡೆಯುತ್ತಿದೆ, ಅವನ ಹೆಬ್ಬೆರಳು ಮೊಬೈಲಿನ ಮೇಲೆ ಮೇಲಕ್ಕೂ ಕೆಳಕ್ಕೂ ಆಡುತ್ತಿದೆ. ತಲೆ ಎತ್ತಲಿಲ್ಲ.

ಮಗಳು ಬಾಯಿ ತೆರೆದಳು. ನಾನು ಕೆಳಗಿನಿಂದ ಅವಳ ಕೈ ಅದುಮಿದೆ. "ಆಗ್ಲಿ ಬುಡಿ ಅಕ್ಕ, ನಿಮ್ಮಿಷ್ಟ" ಎಂದೆ. ಹೆಣ್ಣು ಕೊಡುವವರು ಅಂಗಡಿಯಲ್ಲಿ ಜಗಳ ಆಡಬಾರದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಆ ಮಾತು ನನ್ನ ಬಾಯಿಂದ ತಾನೇ ತಾನಾಗಿ ಬಂತು. ಮೂರು ವಾರದ ಸಿಟ್ಟಿನಲ್ಲಿ ದೊಡ್ಡ ಪಾಲು ಆ ಮಾತಿನ ಮೇಲಿನದು.

ಸ್ಕೂಟರಿನಲ್ಲಿ ಮನೆಗೆ ಬಂದೆವು. ಗೇಟು ಹಾಕಿ, ಹೆಲ್ಮೆಟ್ ಮೊಳೆಗೆ ತಗುಲಿಸಿ, ಮಗಳು ಕೇಳಿದಳು.

"ಯಾಕಮ್ಮ ಕೈ ಅದುಮಿದ್ದು?"

"ಅಷ್ಟು ಜನದ ಮುಂದೆ ಬೇಡ ಅಂತ."

"ಅವರು ಅಷ್ಟು ಜನದ ಮುಂದೇನೇ ನನ್ನ ಕೆಲಸ ಬಿಡಿಸಿದ್ರಲ್ಲ."

ನಮ್ಮ ಯಜಮಾನರು ಒಳಗಿನಿಂದ, "ಯಾರಮ್ಮ ಬಿಡ್ಸಿದ್ದು, ಅವರು ಬಿಡು ಅಂದ್ರಾ?" ಎಂದು ಕೇಳಿದರು.

"ಬಿಡು ಅಂದಿದ್ರೆ ಜಗಳ ಆಡ್ತಿದ್ದೆ ಅಪ್ಪ. ಬೆಸುಗೆ ಹಾಕಿ ಅಂದ್ರೆ ಯಾರ ಹತ್ರ ಜಗಳ ಆಡ್ಲಿ, ಅಕ್ಕಸಾಲಿಗನ ಹತ್ರನಾ?"

ಆ ಕ್ಷಣಕ್ಕೆ ನನಗೆ ಅರ್ಥವಾಯಿತು. ಸರ ಬಿಚ್ಚುವ ಹಾಗಿಲ್ಲ ಎಂದರೆ ಗೇಟಿನ ಒಳಗೆ ಹೋಗುವ ಹಾಗಿಲ್ಲ. ಯಾರೂ ಕೆಟ್ಟವರಾಗದೆ, ಯಾರೂ ಆಡಿದ ಮಾತಿಗೆ ತಪ್ಪದೆ, ಐದು ವರ್ಷದ ಕೆಲಸ ಮುಗಿದುಹೋಗುತ್ತದೆ. ಹೋಗಲಿ, ಬೀಗಿತಿಗೆ ಇದು ಹೊಳೆದಿರಲಿಕ್ಕಿಲ್ಲ, ಪಾಪ, ಎಂದು ನಾನು ಮಾರನೆಯ ದಿನ ಫೋನ್ ಮಾಡಿ ನಿಧಾನವಾಗಿ ವಿವರಿಸಿದೆ. ಬಿಳಿ ಕೋಟು, ಮಣಿ, ಮಾತ್ರೆ, ಎಲ್ಲ. ಅವರು ಪೂರ್ತಿ ಕೇಳಿಸಿಕೊಂಡರು.

"ಹಂಗಾದ್ರೆ ಅಂಥ ಕೆಲ್ಸ ಯಾಕ್ರೀ?" ಎಂದರು. "ಇಲ್ಲೇ ಯಾವ್ದಾದ್ರೂ ಸ್ಕೂಲಿಗೆ ಸೇರ್ಕೊಳ್ಳಿ. ಮನೆಗೂ ಹತ್ರ ಆಗುತ್ತೆ. ನಾನೇನು ಕೆಲ್ಸ ಬೇಡ ಅಂದ್ನಾ?"

ಹೊಳೆದಿತ್ತು. ಚೆನ್ನಾಗಿಯೇ ಹೊಳೆದಿತ್ತು.

ನಾನು ಬೆಳಿಗ್ಗೆ ಮಗಳನ್ನು ಕಳಿಸಿ, ಸ್ನಾನ ಮಾಡಿ, ಪೂಜೆಗೆ ಕೂರುವವಳು. ದೇವರ ಗೂಡಿನ ಪಕ್ಕದಲ್ಲಿ ತೂಗುಹಾಕಿದ ಬೆಳ್ಳಿಯ ಲಿಂಗದ ಕರಡಿಗೆಯನ್ನು ಕತ್ತಿಗೆ ಹಾಕಿಕೊಂಡು, ಬಿಚ್ಚಿ, ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡಿ, ಮತ್ತೆ ಅಲ್ಲೇ ತೂಗುಹಾಕುತ್ತೇನೆ. ನನ್ನ ಅಜ್ಜಿ ಅದನ್ನು ಸಾಯುವವರೆಗೂ ಮೈಮೇಲಿಂದ ತೆಗೆದವಳಲ್ಲ. ಮೈಯಿಂದ ಅಗಲಬಾರದು ಎಂಬುದೇ ನಿಯಮ. ನಾವು ಅಡುಗೆಗೆ ಅಡ್ಡ, ಬಸ್ಸಿನಲ್ಲಿ ಅಡ್ಡ ಎಂದು ಯಾವಾಗಲೋ ತೆಗೆದಿಟ್ಟೆವು, ಯಾರೂ ಏನೂ ಅನ್ನಲಿಲ್ಲ. ಒಂಟಿಕೊಪ್ಪಲಿನ ಮನೆ ನೋಡಲು ಹೋದಾಗ ಬೀಗಿತಿ ತಮ್ಮ ದೇವರ ಮನೆ ತೋರಿಸಿದ್ದರು. ಅಲ್ಲೂ ಗೋಡೆಯ ಮೊಳೆಗೆ ಸಾಲಾಗಿ ಮೂರು ಕರಡಿಗೆ. ಗಂಡನದು, ಹೆಂಡತಿಯದು, ಮಗನದು. ಫೋನ್ ಮಾಡಿದ ಮಾರನೆಯ ಬೆಳಿಗ್ಗೆ ಲಿಂಗ ಅಂಗೈ ಮೇಲಿದ್ದ ಹಾಗೆಯೇ ನನಗೆ ಆ ಮೊಳೆ ನೆನಪಾಯಿತು. ಪೂಜೆಯ ಹೊತ್ತಿನಲ್ಲಿ ಅಷ್ಟು ಸಿಟ್ಟು ಮಾಡಿಕೊಂಡದ್ದು ಅದೇ ಮೊದಲು.

ಸಿಟ್ಟೇನೋ ಬಂತು, ಎದುರಿಗೆ ನಿಂತು ಕೇಳುವ ಧೈರ್ಯ ಬರಲಿಲ್ಲ. ಹಿಂಬಾಗಿಲಿನ ಉಪಾಯ ಹುಡುಕಿದೆ. ತರಕಾರಿಗೆ ಹೋಗುತ್ತೇನೆಂದು ಹೇಳಿ, ಆ ಅಂಗಡಿಗೆ ಬೆಸುಗೆ ಕೆಲಸ ಮಾಡಿಕೊಡುವ ಆಚಾರಿಗಳ ಬಳಿ ಹೋದೆ. ಹಿಂದಿನ ಓಣಿಯಲ್ಲಿ ಒಂದು ಸಣ್ಣ ಕೋಣೆ, ವಯಸ್ಸಾದವರು, ಕಣ್ಣಿಗೆ ದಪ್ಪ ಕನ್ನಡಕ. ಕೊಂಡಿ ಬೆಸೆದ ಹಾಗೆ ಕಾಣಬೇಕು, ಆದರೆ ಬಿಚ್ಚುವ ಹಾಗಿರಬೇಕು, ಅಂಥದ್ದೇನಾದರೂ ಮಾಡಿಕೊಡುತ್ತೀರಾ ಎಂದು ಕೇಳಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ನಿನ್ನೇನೇ ಬೆಸುಗೆ ಆಯ್ತಲ್ಲಮ್ಮ. ಯಾಕೆ ಬಿಚ್ಬೇಕು?"

ಹೇಳಿದೆ. ಅವರು ಪೆಟ್ಟಿಗೆಯಿಂದ ಸರ ತೆಗೆದು ಎರಡು ಕೈಯಲ್ಲೂ ಅಗಲಿಸಿ ಹಿಡಿದರು.

"ಇಷ್ಟುದ್ದ ಇದೆಯಲ್ಲ, ತಲೆ ಮೇಲಿಂದ ಎಳ್ಕೊಂಡ್ರೆ ಹಂಗೇ ಬಂದ್ಬುಡುತ್ತೆ. ನಿಮ್ಮ ಮಗಳ ತಲೆ ಏನು ಕುಂಬಳಕಾಯಾ?"

ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ದಿನದಿಂದ ಮೂವರು ಹೆಂಗಸರು ಕೊಂಡಿ, ಕೊಂಡಿ ಎಂದು ಒದ್ದಾಡುತ್ತಿದ್ದೇವೆ. ಸರ ತಲೆಯ ಮೇಲಿನಿಂದ ಬರುತ್ತದೆ ಎಂದು ಒಬ್ಬರಿಗೂ ತೋಚಲಿಲ್ಲ. ನನ್ನ ಕತ್ತಿನಲ್ಲಿರುವುದೂ ಅಷ್ಟೇ ಉದ್ದದ್ದು. ತೆಗೆಯಬಾರದ್ದು ಎಂದಮೇಲೆ ಹೇಗೆ ತೆಗೆಯಬಹುದು ಎಂದು ಯಾರು ತಾನೆ ಯೋಚಿಸುತ್ತಾರೆ.

ಗೆದ್ದು ಬಂದವಳ ಹಾಗೆ ಮನೆಗೆ ಬಂದೆ. ಮಗಳು ಕೆಲಸದಿಂದ ಬಂದು ಮುಖ ತೊಳೆಯುತ್ತಿದ್ದಳು. ಕಾಫಿ ಕೊಡುತ್ತಾ ವಿಷಯ ಹೇಳಿದೆ. ನಿಮ್ಮತ್ತೆ ಹೇಳಿದ ಹಾಗೇ ಆಗಲಿ, ಬೆಸುಗೆ ಇರಲಿ, ನೀನು ಬಸ್ಸಿನಲ್ಲಿ ತೆಗೆದುಕೊಂಡು ಬಸ್ಸಿನಲ್ಲೇ ಹಾಕಿಕೊಂಡು ಬಾ, ಯಾರಿಗೆ ಗೊತ್ತಾಗುತ್ತೆ ಎಂದೆ. ಅವಳು ಟವೆಲನ್ನು ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದಳು.

"ಒಂದಿನ ಮರೆತು ಅಲ್ಲೇ ಬಿಟ್ಟು ಬಂದ್ರೆ? ಕಳ್ಳಿ ಥರ ಬಾಗಿಲಲ್ಲಿ ನಿಂತ್ಕೋಬೇಕಾ? ನಾನೇನು ತಪ್ಪು ಮಾಡ್ತಿದೀನಿ ಅಂತ ಕದ್ದು ಮಾಡ್ಲಿ?"

"ಸಂಸಾರ ಅಂದ್ಮೇಲೆ ಸ್ವಲ್ಪ ಹಂಗೆಲ್ಲ ಇರುತ್ತೆ ಕಣೆ."

"ನೀನು ಮಾಡಿದೀಯಾ?"

ಮಾಡಿದ್ದೆ. ನಾಲ್ಕು ವರ್ಷದ ಹಿಂದೆ ಬೆನ್ನುನೋವಿಗೆ ಸ್ಕ್ಯಾನ್ ಮಾಡಿಸಲು ಹೋದಾಗ ನರ್ಸಮ್ಮ ಹಿಂದಿನಿಂದ ಕೊಂಡಿ ಬಿಚ್ಚಿ ತಾಳಿಯನ್ನು ನಮ್ಮ ಯಜಮಾನರ ಕೈಗೆ ಕೊಟ್ಟಿದ್ದಳು. ಅವರು ಅದನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕೂತು ಇಡ್ಲಿ ತಿಂದರು. ಆಮೇಲೆ ನಾನೇ ಅವರಿಗೆ ಯಾರಿಗೂ ಹೇಳಬೇಡಿ ಎಂದೆ. ನನ್ನ ಅಕ್ಕನಿಗೂ ಹೇಳಲಿಲ್ಲ. ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಮಗಳು ನಗಲಿಲ್ಲ.

"ಅಪ್ಪ ಇಡ್ಲಿ ತಿಂದ್ರು ಅನ್ನೋದನ್ನ ನಾಲ್ಕು ವರ್ಷ ಬಚ್ಚಿಟ್ಕೊಂಡಿದ್ಯಲ್ಲಮ್ಮ. ನಾನು ಮೂವತ್ತು ವರ್ಷ ದಿನಾ ಬಚ್ಚಿಡ್ಬೇಕಾ?"

ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಭಾನುವಾರ ಅವಳೇ ಒಂಟಿಕೊಪ್ಪಲಿಗೆ ಹೊರಟಳು. ನಾನೂ ಸ್ಕೂಟರಿನ ಹಿಂದೆ ಕೂತೆ. ಹುಡುಗನ ತಂದೆ ಮಠದ ಕೆಲಸಕ್ಕೆ ಹೋಗಿದ್ದರು. ತಾಯಿ, ಮಗ ಇಬ್ಬರೇ ಇದ್ದರು. ಬೀಗಿತಿ ಅವರೆಕಾಳು ಬಿಡಿಸುತ್ತಿದ್ದವರು ಮೊರ ಸರಿಸಿ ನಮಗೆ ಜಾಗ ಮಾಡಿದರು. ಮಗಳು ನೀರು ಕುಡಿದು ಲೋಟ ಇಟ್ಟಳು.

"ಅತ್ತೆ, ಆ ಸರ ಬೆಸುಗೆ ಇದ್ರೂ ತಲೆ ಮೇಲಿಂದ ಬರುತ್ತಂತೆ. ನಿಮಗೆ ಗೊತ್ತಾಗದ ಹಾಗೆ ನಾನು ತೆಗೀಬಹುದು. ಹಾಗೆ ಮಾಡಲ್ಲ. ತೆಗೀತೀನಿ ಅಂತ ಹೇಳಿಯೇ ತೆಗೀತೀನಿ. ಅದಕ್ಕೆ ಕೊಂಡಿ ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಲಗ್ನಪತ್ರಿಕೆ ಇನ್ನೂ ಪ್ರೆಸ್ಸಿಗೆ ಕೊಟ್ಟಿಲ್ಲ."

ಬೀಗಿತಿ ನನ್ನ ಕಡೆ ತಿರುಗಿದರು. "ನೋಡಿದ್ರಾ ನಿಮ್ಮ ಮಗಳ ಮಾತು? ಮದ್ವೆಗೆ ಮುಂಚೇನೇ ಹಿಂಗೆ."

ಅಂಗಡಿಯಲ್ಲಿ ಆಡಬೇಕಿದ್ದ ಮಾತು ಆಗ ಬಂತು. "ಅಕ್ಕ, ನಿಮ್ಮ ದೇವರ ಮನೇಲಿ ಮೊಳೆ ಮೇಲೆ ಮೂರು ಕರಡಿಗೆ ನೇತಾಡ್ತಿದೆ. ನಮ್ಮನೇಲೂ ಎರಡು ಇದೆ, ನಾನೇನು ಸಾಚಾ ಅಲ್ಲ. ಕತ್ತಲ್ಲಿರಬೇಕಾದ ಲಿಂಗಾನೇ ತೆಗೆದಿಟ್ಟು ಓಡಾಡ್ತಿದೀವಿ. ಇವಳು ಎಂಟು ಗಂಟೆ ಹೊತ್ತು ತಾಳಿ ತೆಗೆದಿಟ್ರೆ ಆಗಲ್ವಾ? ಯಾವುದ್ರೀ ದೊಡ್ಡದು?"

"ಅದು ಬೇರೆ, ಇದು ಬೇರೆ."

"ಹೆಂಗೆ ಬೇರೆ?"

ಅವರು ಅವರೆಕಾಳೊಂದನ್ನು ಬಿಡಿಸಿ ಮೊರಕ್ಕೆ ಹಾಕಿದರು. "ಶಿವ ಏನೂ ಅಂದ್ಕೊಳ್ಳಲ್ಲ ಕಣ್ರೀ. ಜನ ಅಂದ್ಕೊತಾರೆ."

ಅಷ್ಟು ನೇರವಾಗಿ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಕೋಪ ಒಂದು ಗಳಿಗೆ ದಾರಿ ತಪ್ಪಿತು. ಮಗಳು ಮಾತ್ರ ಹುಡುಗನ ಕಡೆ ನೋಡುತ್ತಿದ್ದಳು.

"ನೀವೇನಂತೀರ?"

ಅವನು ಮೊಬೈಲನ್ನು ಮಗುಚಿ ಇಟ್ಟ. "ಅಮ್ಮ, ಕಟ್ಟೋನು ನಾನು. ತೆಗೆದ್ರೆ ಏನಾದ್ರೂ ಆಗೋದಿದ್ರೆ ನನಗೇ ಆಗ್ಬೇಕು ತಾನೆ? ನನಗೇನೂ ಭಯ ಇಲ್ಲ. ಕೊಂಡಿ ಹಾಕ್ಸು."

ಮೂರು ವಾಕ್ಯ, ನಾಲ್ಕು ವಾಕ್ಯ. ಅರ್ಧ ನಿಮಿಷ ಹಿಡಿದಿರಬಹುದು. ನನ್ನ ಮಗಳು ನಿಟ್ಟುಸಿರು ಬಿಟ್ಟಳು. ಒಳ್ಳೆಯ ಹುಡುಗ ಎಂದು ಆಮೇಲೆ ನಮ್ಮ ಯಜಮಾನರೂ ಹೊಗಳಿದರು. ನನಗೆ ಮಾತ್ರ ಮೈ ಇನ್ನಷ್ಟು ಉರಿಯಿತು. ಈ ಅರ್ಧ ನಿಮಿಷ ಅಂಗಡಿಯಲ್ಲಿ ಇರಲಿಲ್ಲವೇ? ಮೂರು ವಾರ ನಾವು ಅನ್ನ ಕೆದಕುತ್ತಾ ಕೂತದ್ದು ಇವನು ಬಾಯಿ ತೆರೆಯಲು ಭಾನುವಾರ ಬರಬೇಕು ಎಂದೇ? ಗೇಟಿನವರೆಗೂ ಬಿಡಲು ಬಂದವನನ್ನು ಕೇಳಿಯೇ ಕೇಳಿದೆ.

"ಅಂಗಡೀಲಿ ಅಷ್ಟು ಜನದ ಮುಂದೆ ಅಮ್ಮಂಗೆ ಎದುರು ಹೇಳೋದು ಹೆಂಗೆ ಆಂಟಿ" ಎಂದ.

"ನನ್ನ ಮಗಳು ಹೇಳಿದ್ಲಲ್ಲಪ್ಪ" ಎಂದೆ. ಅವನು ಕತ್ತು ಕೆರೆದುಕೊಂಡ. ನಾನೂ ಅಂಗಡಿಯಲ್ಲಿ ಅದನ್ನೇ ಮಾಡಿದವಳು ಎಂಬುದು ಸ್ಕೂಟರು ಒಂದೆರಡು ತಿರುವು ದಾಟಿದ ಮೇಲೆ ನೆನಪಾಗಿ, ಅವನ ಮೇಲಿನ ಕೋಪವನ್ನು ಅರ್ಧ ಮಾಡಿಕೊಂಡೆ. ಇನ್ನರ್ಧ ಹಾಗೇ ಇದೆ.

ಬುಧವಾರ ಮಗಳು ರಜೆ ಹಾಕಿದಳು. ಮತ್ತೆ ಅದೇ ಅಂಗಡಿ. ಬೆಸುಗೆ ಬಿಡಿಸಿ ಕೊಂಡಿ ಹಾಕಿಸಲು ತಾವೂ ಬರುತ್ತೇನೆಂದು ಬೀಗಿತಿ ಹಟ ಹಿಡಿದು ಬಂದರು. ಅಂಗಡಿಯವನು ಮೊದಲು ತೋರಿಸಿದ್ದು ಸಣ್ಣದಾಯಿತು, ಎರಡನೆಯದು ಸಡಿಲವಾಯಿತು. "ಎಲ್ಲಾದ್ರೂ ಬಿದ್ದೋದ್ರೆ ನೀವು ಬಂದು ಹುಡುಕಿ ಕೊಡ್ತೀರಾ?" ಎಂದು ಅವನನ್ನೇ ಗದರಿಸಿ, ತಿರುಪು ಇರುವ ಒಂದು ಗಟ್ಟಿ ಕೊಂಡಿಯನ್ನು ತಾವೇ ಆರಿಸಿ, ಹತ್ತು ಸಲ ಎಳೆದು ನೋಡಿದರು. ಬೇಡವೆಂದವರು ಇವರೇ ಎಂದು ಹೊಸಬರಿಗೆ ಹೇಳಿದರೆ ನಂಬುತ್ತಿರಲಿಲ್ಲ. ನನಗೆ ಅದನ್ನೂ ನೋಡಿ ಸುಮ್ಮನಿರುವುದು ಕಷ್ಟವಾಯಿತು, ಬಾದಾಮಿ ಹಾಲು ಬೇಡವೆಂದೆ.

ಮಗಳು ಕನ್ನಡಿಯ ಮುಂದೆ ನಿಂತು ತಾಳಿಯಿಲ್ಲದ ಬರಿ ಸರವನ್ನು ಹಾಕಿಕೊಂಡು, ಎರಡು ಕೈಯನ್ನೂ ಕತ್ತಿನ ಹಿಂದೆ ತಂದು ತಿರುಪು ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ಬೆಳಿಗ್ಗೆ ಗೇಟಿನಲ್ಲಿ ಹಿಂದೆ ಸಾಲು ನಿಂತಿರುತ್ತದೆ, ಬೇಗ ಬರಬೇಕು ಎಂದಳು. ಬೀಗಿತಿ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಅಲ್ಲಿಂದಲೇ ಮಾತಾಡಿದರು.

"ಸೋಮವಾರ ಒಂದಿನ ತೆಗೀಬೇಡ ಕಣಮ್ಮ. ಅಷ್ಟಾದ್ರೂ ನನ್ನ ಮಾತು ನಡೆಸ್ಕೊಡು."

"ಸೋಮವಾರಾನೂ ಡ್ಯೂಟಿ ಇದೆ ಅತ್ತೆ" ಎಂದಳು ನನ್ನ ಮಗಳು. "ಭಾನುವಾರ ಪೂರ್ತಿ ಹಾಕ್ಕೊಂಡಿರ್ತೀನಿ." ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ ಇನ್ನೊಂದು ಸಲ ತಿರುಪು ಬಿಚ್ಚಿದಳು.